ಅಗತ್ತಿಗೆ ಹೋಗಬೇಕೆ, ಬಿಡಬೇಕೆ

ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್ 31ರಂದು. ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪದ ತಿಳಿನೀರಿನಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ದೇಶವೆಲ್ಲ ಹರಿದಾಡಿದ್ದವು. ಅದಕ್ಕೆ ಮಾಲ್ದೀವ್ಸಿನ ಕೆಲವು ಉಪಸಚಿವರು ಹಗುರವಾಗಿ ಮಾತಾಡಿದರು. ಸಿಟ್ಟಿಗೆದ್ದ ನಮ್ಮವರು ಮಾಲ್ದೀವ್ಸಿನ ಟಿಕೆಟ್ ರದ್ದು ಮಾಡಿ ಲಕ್ಷದ್ವೀಪದ ದಾರಿ ಹುಡುಕತೊಡಗಿದರು. ಅಂದಿನಿಂದ ಪರಿಚಯದವರು ಕೇಳುತ್ತಲೇ ಇದ್ದಾರೆ, ಅಗತ್ತಿಗೆ ಹೋಗಿಬರಬಹುದೇ ಎಂದು. ಪರ್ಮಿಟ್ ಎಲ್ಲಿ ಮಾಡಿಸಬೇಕು, ಯಾವ ತಿಂಗಳು ಒಳ್ಳೆಯದು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭ. ಹೋಗುವುದು ಸರಿಯೇ ಎಂಬುದಕ್ಕೆ ಮಾತ್ರ ನನ್ನಲ್ಲಿ ಒಂದೇ ಸಾಲಿನ ಉತ್ತರವಿಲ್ಲ. ಎರಡೂ ಕಡೆ ಬಲವಾದ ಮಾತಿದೆ.

ಮೊದಲು ಜಾಗದ ಅಳತೆ ತಿಳಿದಿರಲಿ. ಅಗತ್ತಿ ಉದ್ದಕ್ಕೆ ಏಳು ಕಿಲೋಮೀಟರ್ ಚಿಲ್ಲರೆ, ಅಗಲ ಎಲ್ಲಿಯೂ ಒಂದು ಕಿಲೋಮೀಟರ್ ದಾಟುವುದಿಲ್ಲ. ದಕ್ಷಿಣದ ತುದಿಯಲ್ಲಿ ನೆಲ ಎಷ್ಟು ಕಿರಿದೆಂದರೆ ಅಲ್ಲಿರುವುದು ರನ್‌ವೇ ಒಂದೇ, ಅದರ ಎರಡೂ ಪಕ್ಕಕ್ಕೆ ಕಡಲು. ಪಶ್ಚಿಮಕ್ಕೆ ಹವಳದಿಬ್ಬ ಕಾಯುವ ಲಗೂನ್, ಅಂದರೆ ಎದೆಮಟ್ಟದ ತಿಳಿನೀರು. ಪೂರ್ವಕ್ಕೆ ಅಬ್ಬರಿಸುವ ತೆರೆದ ಸಮುದ್ರ. ಈ ನಡುವಿನ ಮರಳುಪಟ್ಟಿಯ ಮೇಲೆ 2011ರ ಜನಗಣತಿಯ ಪ್ರಕಾರ 7,566 ಜನ. ಲಕ್ಷದ್ವೀಪದ 36 ದ್ವೀಪಗಳನ್ನೂ ಕೂಡಿಸಿದರೆ ಸಿಗುವ ನೆಲ 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು ಹತ್ತರಲ್ಲಿ. ನೆಲ ಕಡಲಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ. ನೋಡಲು ಬರುವವರು ನೋಡುವುದು ಬಿಳಿ ಮರಳು, ಹಸಿರು-ನೀಲಿ ನೀರು, ಹವಳ, ಬಣ್ಣದ ಮೀನು ಮತ್ತು ಕಡಲಾಮೆ.

ಮಂಗಳೂರು ಕಡೆಯವರಿಗೆ ಲಕ್ಷದ್ವೀಪ ಹೊಸದಾಗಿ ಕಂಡುಹಿಡಿದ ಜಾಗವಲ್ಲ. ಅಗತ್ತಿ, ಕವರತ್ತಿಗಳು ಮಲಬಾರಿನ ಕಡೆಗೆ ಸೇರಿದ್ದರೂ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳ ಆಡಳಿತ ನಡೆದದ್ದು ಮಂಗಳೂರಿನಿಂದಲೇ. 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ದರ್ಬಾರಿನಿಂದ ಬೇಸತ್ತ ಅಮಿನಿಯ ಜನ ಟಿಪ್ಪುವಿನ ಮೊರೆಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ದಕ್ಷಿಣ ಕನ್ನಡದ ಕಲೆಕ್ಟರರ ಸುಪರ್ದಿಯಲ್ಲಿದ್ದವು. ಇಂದಿಗೂ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ ದ್ವೀಪಕ್ಕೆ ಹೊರಟ ಮಂಜಿಗಳು, ಅಂದರೆ ಸರಕಿನ ದೊಡ್ಡ ದೋಣಿಗಳು, ಕಾಣುತ್ತವೆ. ತಲೆಹೊರೆಯಲ್ಲಿ ಸಾಗಿ ಹಲಗೆ ಹತ್ತಿ ಒಡಲಿಗಿಳಿಯುವ ಜಲ್ಲಿ, ಹೊಯಿಗೆ, ಸಿಮೆಂಟಿನ ಚೀಲ. ಮೇಲೆ ನೀರುಳ್ಳಿ, ಬಟಾಟೆ, ಕುಂಬಳ. ಕೊನೆಗೆ ಕೊರಳಿಗೆ ಹಗ್ಗ ಬಿಗಿದ ಆಡುಗಳು. ಸುತ್ತ ಮರಳೇ ತುಂಬಿದ ದ್ವೀಪಕ್ಕೆ ಮನೆ ಕಟ್ಟಲು ಹೊಯಿಗೆ ಇಲ್ಲಿಂದ ಹೋಗಬೇಕು, ಯಾಕೆಂದರೆ ಅಲ್ಲಿಯ ತೀರದ ಮರಳು ತೆಗೆದರೆ ದ್ವೀಪವೇ ಕರಗುತ್ತದೆ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಕಡಲಿಗಿಳಿಯುವುದಿಲ್ಲ. ಆ ನಾಲ್ಕು ತಿಂಗಳಿಗೆ ಬೇಕಾದ್ದನ್ನು ಮೊದಲೇ ಕೂಡಿಡಬೇಕು. ಅಗತ್ತಿಯಲ್ಲಿ ಅತಿಥಿ ಕುಡಿಯುವ ಚಹಾದ ಸಕ್ಕರೆಯಿಂದ ಹಿಡಿದು ಅವನ ಕೋಣೆಯ ಫ್ಯಾನ್ ತಿರುಗಿಸುವ ಡೀಸೆಲ್‌ವರೆಗೆ ಬಹುಪಾಲು ಎಲ್ಲವೂ ಹೀಗೆ ಕೊಚ್ಚಿ, ಬೇಪೂರು ಅಥವಾ ಮಂಗಳೂರಿನಿಂದ ಕಡಲು ದಾಟಿ ಬಂದದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಲೆಕ್ಕ ಹಾಕಬೇಕು.

ಹೋಗಬೇಕು ಎನ್ನುವವರ ಮಾತಿನಲ್ಲಿ ಮೊದಲನೆಯದು ಹೊಟ್ಟೆಪಾಡು. ದ್ವೀಪದಲ್ಲಿ ದುಡಿಮೆ ಎಂದರೆ ಟ್ಯೂನಾ ಮೀನು, ತೆಂಗು, ಇಲ್ಲವೇ ಸರಕಾರಿ ಕೆಲಸ. ಅಕ್ಷರಸ್ಥರ ಪ್ರಮಾಣ ಶೇಕಡ 90 ದಾಟಿದ ನಾಡು ಅದು. ಮಕ್ಕಳು ಕೇರಳಕ್ಕೋ ಮಂಗಳೂರಿಗೋ ಬಂದು ಡಿಗ್ರಿ ಮುಗಿಸುತ್ತಾರೆ. ವಾಪಸು ಹೋದರೆ ಮಾಡಲು ಕೆಲಸವಿಲ್ಲ. 2021ರ ಸುಮಾರಿಗೆ ಆಡಳಿತ ಬಹಳಷ್ಟು ತಾತ್ಕಾಲಿಕ ನೌಕರರನ್ನು ಕೈಬಿಟ್ಟಾಗ ಎಷ್ಟೋ ಮನೆಗಳ ತಿಂಗಳ ಆದಾಯ ಒಮ್ಮೆಗೇ ನಿಂತುಹೋಯಿತು. ಅಂಥ ಮನೆಯೊಂದು ಎರಡು ಕೋಣೆಗೆ ಸುಣ್ಣ ಬಳಿದು ಹೋಮ್‌ಸ್ಟೇ ಮಾಡಿಕೊಂಡರೆ, ಮಗ ಸ್ಕೂಬಾ ಕಲಿತು ಅತಿಥಿಗಳನ್ನು ಕಡಲಿಗೆ ಕರೆದೊಯ್ದರೆ, ‘ನಿಮ್ಮ ದ್ವೀಪ ತುಂಬ ಸೂಕ್ಷ್ಮ, ನೀವು ಬಡವರಾಗಿಯೇ ಇರಿ’ ಎಂದು ದಡದಲ್ಲಿ ಕೂತ ನಾವು ಹೇಳುವುದು ಯಾವ ನ್ಯಾಯ? ಹವಳವನ್ನು ಕಾಯುವ ಭಾರವನ್ನೆಲ್ಲ ಅದನ್ನು ಹಾಳುಮಾಡದವರ ಹೆಗಲಿಗೆ ಹೊರಿಸಿದ ಹಾಗಾಗುತ್ತದೆ.

ಎರಡನೆಯದು ಸಂಪರ್ಕ. ಅಗತ್ತಿಯ ವಿಮಾನ ನಿಲ್ದಾಣ 1988ರಷ್ಟು ಹಳೆಯದು. ಆದರೆ ಏಳೂವರೆ ಸಾವಿರ ಜನರ ಓಡಾಟವನ್ನೇ ನೆಚ್ಚಿ ಯಾವ ಕಂಪನಿಯೂ ದಿನಾ ವಿಮಾನ ಹಾರಿಸುವುದಿಲ್ಲ. ಬೆಂಗಳೂರಿನ ಪ್ರವಾಸಿಗಳು ಸೀಟು ತುಂಬಿದರೆ ಮಾತ್ರ ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಅಗತ್ತಿಯ ಅಜ್ಜಿಗೂ ಆ ವಿಮಾನ ಸಿಗುತ್ತದೆ. 2024ರ ಮೇನಲ್ಲಿ ವೇಗದ ಹಡಗೊಂದು ಲಕ್ಷದ್ವೀಪದಿಂದ ಸುಮಾರು ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂದು ಸೇರಿದಾಗ ಅದರಲ್ಲಿ ಇಳಿದವರು ದ್ವೀಪದ ಜನ. ಆಸ್ಪತ್ರೆ, ಕಾಲೇಜು, ಮದುವೆ ಬಟ್ಟೆ ಎಂದು ಬಂದವರು. ಪ್ರವಾಸೋದ್ಯಮದ ಹೆಸರಿನಲ್ಲಾದರೂ ಇಂಥ ದಾರಿ ತೆರೆಯಲಿ ಎಂದು ಅವರು ಬಯಸಿದರೆ ಆಶ್ಚರ್ಯವಿಲ್ಲ.

ಆದರೆ ಇದೇ ವಾದಕ್ಕೆ ಇನ್ನೊಂದು ಮುಖವೂ ಇದೆ. ದ್ವೀಪಗಳಿಗೆ ಓಡಬೇಕಾದ ಏಳು ಪ್ರಯಾಣಿಕ ಹಡಗುಗಳಲ್ಲಿ ಬೆರಳೆಣಿಕೆಯಷ್ಟೇ ಓಡುತ್ತಿದ್ದ ಕಾಲ ಇತ್ತೀಚೆಗೆ ಬಂದುಹೋಯಿತು. ಆಗ ಟಿಕೆಟ್ ಸಿಗದೆ ಕೊಚ್ಚಿಯಲ್ಲಿ ದಿನಗಟ್ಟಲೆ ಕಾದವರು ರೋಗಿಗಳು ಮತ್ತು ವಿದ್ಯಾರ್ಥಿಗಳು. ಸೀಟು ಕಡಿಮೆ ಇದ್ದಾಗ ಪ್ರವಾಸಿಗೆ ಕೊಟ್ಟ ಪ್ರತಿಯೊಂದು ಸೀಟೂ ದ್ವೀಪದವನ ಕೈತಪ್ಪಿದ್ದೇ. ಹಡಗು ಹೆಚ್ಚಿಸಿ ಆಮೇಲೆ ಅತಿಥಿಗಳನ್ನು ಕರೆದರೆ ಅನುಕೂಲ. ಅತಿಥಿಗಳನ್ನು ಕರೆದು ಆಮೇಲೆ ಹಡಗಿನ ಬಗ್ಗೆ ಯೋಚಿಸಿದರೆ ಅನ್ಯಾಯ.

ಈಗ ಆಮೆಗಳಿಗೆ ಬರೋಣ. ಅಗತ್ತಿಗೆ ಹೋಗುವವರ ಪಟ್ಟಿಯಲ್ಲಿ ಆಮೆ ನೋಡುವುದು ಮೇಲಿರುತ್ತದೆ, ನನ್ನದರಲ್ಲೂ ಇತ್ತು. ಸ್ನಾರ್ಕೆಲಿನ ಮುಖವಾಡ ಹಾಕಿ ಲಗೂನಿನಲ್ಲಿ ಬೋರಲಾಗಿ ತೇಲುತ್ತಿದ್ದಾಗ ನನ್ನ ಕೆಳಗೆ, ಕೈಗೆಟುಕುವಷ್ಟು ಹತ್ತಿರ, ಒಂದು ಹಸಿರು ಕಡಲಾಮೆ ಮೇಯುತ್ತಿತ್ತು. ಮುಂಗಾಲಿನಿಂದ ಮರಳು ಕೆದರಿ, ಕತ್ತು ಚಾಚಿ, ಕಡಲಹುಲ್ಲಿನ ಎಸಳನ್ನು ಕಚ್ಚಿ ಪಕ್ಕಕ್ಕೆ ಎಳೆಯುತ್ತಿತ್ತು. ಪ್ರತಿ ಎಳೆತಕ್ಕೂ ಸಣ್ಣ ಮರಳ ಮೋಡವೊಂದು ಎದ್ದು, ಅದರೊಳಗೆ ಚಿಕ್ಕ ಮೀನುಗಳು ನುಗ್ಗಿ ತುಣುಕು ಹೆಕ್ಕುತ್ತಿದ್ದವು. ಹುಲ್ಲು ಎಂದೆನಾದರೂ ಅಲ್ಲಿ ಹೆಚ್ಚಿನದೇನೂ ಇರಲಿಲ್ಲ. ಬೆರಳಿನ ಅರ್ಧದಷ್ಟು ಎತ್ತರದ ಕೂಳೆ, ನಡುನಡುವೆ ಬೋಳು ಮರಳು. ದೋಣಿಗೆ ಹತ್ತಿ ಆಮೆ ಕಂಡ ಸಂತೋಷ ಹೇಳಿಕೊಂಡಾಗ ದೋಣಿ ನಡೆಸುತ್ತಿದ್ದ ಹಿರಿಯರು ಸುಮ್ಮನೆ ತಲೆಯಾಡಿಸಿದರು. “ಯಾಕೆ ಕಾಕಾ?” ಎಂದೆ. “ನಿಮಗೆ ಅದು ಚಂದ, ಮೋನೆ. ನನಗೆ ಅದು ಹುಲ್ಲು ತಿಂದು ಮುಗಿಸಿತು. ಹುಲ್ಲಿದ್ದಾಗ ಮನೆಗೆ ಬೇಕಾದ ಮೀನು ಇಲ್ಲೇ, ಮೊಣಕಾಲ ನೀರಲ್ಲಿ ಸಿಗುತ್ತಿತ್ತು,” ಎಂದರು.

ಅವರ ಮಾತು ಬರೀ ಗೊಣಗಾಟವಲ್ಲ. ಹಿಂದೆ ದ್ವೀಪದವರು ಆಮೆ ಹಿಡಿದು ಅದರ ಕೊಬ್ಬನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಆಮೆ ಸೇರಿತು, ಬೇಟೆ ನಿಂತಿತು. ಆಮೆಯನ್ನು ತಿನ್ನುವ ದೊಡ್ಡ ಶಾರ್ಕ್‌ಗಳು ಕಡಿಮೆಯಾದದ್ದೂ ಸೇರಿರಬಹುದು. ಅಂತೂ ಈ ಶತಮಾನದ ಮೊದಲ ದಶಕದಲ್ಲಿ ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ದಟ್ಟವಾಗಿ ನೆರೆದವು. ಮೀನುಗಾರರು ‘ಆಮೆಯಿಂದ ಮೀನು ಕಡಿಮೆಯಾಯಿತು’ ಎಂದಾಗ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅದನ್ನು ತಳ್ಳಿಹಾಕದೆ ನೀರಿಗಿಳಿದು ಪರೀಕ್ಷಿಸಿದರು. ಮೀನುಗಾರರು ಹೇಳಿದ್ದರಲ್ಲಿ ಹುರುಳಿತ್ತು. ಆಮೆಗಳು ಬೆಳೆದ ಹುಲ್ಲಿನ ಬಹುಪಾಲನ್ನು ಮೇಯುತ್ತಿದ್ದವು; ಹುಲ್ಲಿನ ನೆರಳಿನಲ್ಲಿ ಮರಿಮಾಡಿ ಬೆಳೆಯುವ ಮೀನಿಗೆ ಆಸರೆ ತಪ್ಪುತ್ತಿತ್ತು. ಒಂದು ಲಗೂನಿನ ಹುಲ್ಲು ಬರಿದಾದಂತೆ ಆಮೆಗಳ ಹಿಂಡು ಇನ್ನೊಂದು ದ್ವೀಪದ ಲಗೂನಿಗೆ ಸಾಗಿತು. ವರ್ಷಗಳ ಲೆಕ್ಕ ಜೋಡಿಸಿದಾಗ ಇಡೀ ದ್ವೀಪಸಮೂಹದ ಕಡಲಹುಲ್ಲಿನ ಬಯಲುಗಳು ಸರದಿಯಂತೆ ಸೊರಗಿದ್ದು ಕಂಡುಬಂತು.

ಪ್ರವಾಸಿಗೆ ಆಮೆ ಎಂದರೆ ದ್ವೀಪ ಆರೋಗ್ಯವಾಗಿದೆ ಎಂಬುದರ ಗುರುತು. ಅಲ್ಲಿಯ ಮನೆಗೆ ಅದು ಸಾರಿನ ಮೀನು ಕಸಿದ ಪ್ರಾಣಿ. ಇಬ್ಬರೂ ಸುಳ್ಳಾಡುತ್ತಿಲ್ಲ. ಹೋಗಬೇಕೆನ್ನುವವರು ಇಲ್ಲಿ ಒಂದು ಒಳ್ಳೆಯ ಮಾತು ಹೇಳುತ್ತಾರೆ: ಆಮೆಯಿಂದ ನಷ್ಟ ಅನುಭವಿಸುವವನಿಗೇ ಆಮೆ ತೋರಿಸಿ ಸಂಪಾದಿಸುವ ದಾರಿಯಾದರೆ ಅವನ ಮುನಿಸು ತಗ್ಗುತ್ತದೆ, ಆಮೆಯೂ ಉಳಿಯುತ್ತದೆ. ನನಗೆ ಇದು ಒಪ್ಪಿಗೆ. ಆದರೆ ಆ ಸಂಪಾದನೆ ಅದೇ ಮೀನುಗಾರನ ಕೈಗೆ ಹೋಗುವ ವ್ಯವಸ್ಥೆ ಬೇಕಲ್ಲವೇ? ಲಗೂನಿನ ಮೀನು ಹಿಡಿಯುತ್ತಿದ್ದವರಲ್ಲಿ ಬಡವರು, ದೊಡ್ಡ ದೋಣಿ ಇಲ್ಲದವರು, ಹೆಂಗಸರು ಹೆಚ್ಚು. ಗಾಜಿನ ತಳದ ದೋಣಿ, ಡೈವಿಂಗ್ ಸಲಕರಣೆ ಕೊಳ್ಳುವ ಬಂಡವಾಳ ಇರುವುದು ಬೇರೆಯವರ ಬಳಿ. ನಷ್ಟ ಒಬ್ಬರದು, ಲಾಭ ಇನ್ನೊಬ್ಬರದು ಆಗಿಬಿಟ್ಟರೆ ಮುನಿಸು ಇಮ್ಮಡಿಯಾಗುತ್ತದೆ.

ಹವಳದ ವಿಷಯದಲ್ಲಿ ವಾದ ಇನ್ನೂ ಸಿಕ್ಕಾಗಿದೆ. ಲಕ್ಷದ್ವೀಪದ ಹವಳ 1998, 2010, 2016, ಮತ್ತೆ 2024ರಲ್ಲಿ ಕಡಲು ಕಾದು ಬಿಳಿಚಿಕೊಂಡಿತು. 1998ರಿಂದೀಚೆ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳಲ್ಲಿ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇದಕ್ಕೆ ಅಗತ್ತಿಯ ಪ್ರವಾಸಿ ಕಾರಣನಲ್ಲ. ‘ನಾವು ಹೋಗದಿದ್ದರೂ ಅದು ಸಾಯುತ್ತದೆ, ಇರುವಾಗಲೇ ನೋಡಿಬಿಡೋಣ’ ಎನ್ನುವವರಿದ್ದಾರೆ. ಈ ಮಾತು ನನಗೆ ನೋವು ಕೊಡುತ್ತದೆ, ಅದರಲ್ಲಿ ತಪ್ಪೂ ಇದೆ. ಹವಳ ಸತ್ತ ಮೇಲೆ ಮತ್ತೆ ಚಿಗುರುತ್ತದೆಯೇ ಇಲ್ಲವೇ ಎಂಬುದು ಸ್ಥಳೀಯ ಸಂಗತಿ. ಸತ್ತ ಹವಳದ ಮೇಲೆ ಪಾಚಿ ಕಟ್ಟುತ್ತದೆ. ಆ ಪಾಚಿಯನ್ನು ಕೆರೆದು ತಿನ್ನುವ ಗಿಳಿಮೀನಿನಂಥವು ಸಾಕಷ್ಟಿದ್ದರೆ ಹೊಸ ಹವಳದ ಮರಿಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಲಕ್ಷದ್ವೀಪದಲ್ಲಿ ಆ ಮೀನುಗಳು ಇಷ್ಟುಕಾಲ ಉಳಿದದ್ದಕ್ಕೆ ದೊಡ್ಡ ಕಾರಣ ಅಲ್ಲಿಯ ಮೀನುಗಾರಿಕೆಯ ಪದ್ಧತಿ. ಅವರು ಹವಳದ ಮೀನನ್ನು ಬಿಟ್ಟು ಹೊರಗಡಲಿನ ಟ್ಯೂನಾದ ಹಿಂದೆ ಹೋಗುವವರು.

ಆ ಪದ್ಧತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಳಿಗ್ಗೆ ಲಗೂನಿನಲ್ಲಿ ಬಲೆ ಹಾಸಿ ಬೆರಳುದ್ದದ ಮೀನು ಹಿಡಿಯುತ್ತಾರೆ. ಅವು ಸಾಯಬಾರದು, ದೋಣಿಯ ಒಡಲಲ್ಲಿ ಕಡಲ ನೀರು ಹರಿದಾಡುವ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ದಿಬ್ಬ ದಾಟುತ್ತಾರೆ. ಟ್ಯೂನಾದ ಹಿಂಡು ಕಂಡೊಡನೆ ಆ ಮೀನನ್ನು ಚೆಲ್ಲಿ, ನೀರು ಎರಚಿ ಮಳೆಹನಿ ಬಿದ್ದಂತೆ ಮೇಲ್ಮೈಯನ್ನು ಕಲಕಿ, ಸಾಲಾಗಿ ನಿಂತು ಗಳು ಹಿಡಿದು ಒಂದೊಂದಾಗಿ ಎಳೆದು ಹಾಕುತ್ತಾರೆ. ಕೊಕ್ಕೆಗೆ ಮುಳ್ಳಿರುವುದಿಲ್ಲ, ಮೀನು ದೋಣಿಗೆ ಬಿದ್ದೊಡನೆ ಬಿಡಿಸಿಕೊಳ್ಳುತ್ತದೆ. ಬೇಡದ ಮೀನು, ಆಮೆ, ಡಾಲ್ಫಿನ್ ಸಿಕ್ಕಿಬೀಳುವುದು ತೀರ ಅಪರೂಪ. ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆಯಿಟ್ಟು, ಬಿಸಿಲಿಗೊಣಗಿಸಿ ‘ಮಾಸ್’ ಮಾಡುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಇಡೀ ಕೆಲಸ ನಿಂತಿರುವುದು ಲಗೂನಿನ ಆ ಬೆರಳುದ್ದದ ಮೀನಿನ ಮೇಲೆ.

ಪ್ರವಾಸಿ ಇಲ್ಲಿ ತನಗರಿವಿಲ್ಲದೆ ಕೈಹಾಕುತ್ತಾನೆ. ಅವನಿಗೆ ರಾತ್ರಿ ಊಟಕ್ಕೆ ‘ಸ್ಪೆಷಲ್’ ಬೇಕು. ಟ್ಯೂನಾ ಬೇಡ, ಇಡಿಯಾಗಿ ಸುಟ್ಟ ಕೆಂಪು ಮೀನು ಬೇಕು, ಗ್ರೂಪರ್ ಬೇಕು, ಆಕ್ಟೋಪಸ್ ಬೇಕು. ಅವೆಲ್ಲ ಹವಳದಿಬ್ಬದವು. ಹತ್ತು ಜನ ಕೇಳಿದರೆ ತೊಂದರೆಯಿಲ್ಲ. ಪ್ರತಿ ದಿನ ಇನ್ನೂರು ಜನ ಕೇಳಿದರೆ ಹವಳದ ಮೀನು ಹಿಡಿಯುವುದೇ ಲಾಭದ ಕಸುಬಾಗುತ್ತದೆ. ಪಾಚಿ ಕೆರೆಯುವವರಿಲ್ಲದ ದಿಬ್ಬ ಮುಂದಿನ ಬಿಸಿಗೆ ಮತ್ತೆ ಏಳುವುದಿಲ್ಲ. ದಿಬ್ಬ ಹೋದರೆ ಅಲೆಗೆ ತಡೆಯಿಲ್ಲ, ಮರಳಿಲ್ಲ, ದ್ವೀಪವಿಲ್ಲ. ಬಂಗಾರಂ ಹವಳವರ್ತುಲದಲ್ಲಿದ್ದ ಪರಳಿ-1 ಎಂಬ ಪುಟ್ಟ ನಿರ್ಜನ ದ್ವೀಪ ಪೂರ್ತಿ ಕೊಚ್ಚಿಹೋದದ್ದನ್ನು ಇದೇ ಕಾಲದಲ್ಲಿ ದಾಖಲಿಸಲಾಗಿದೆ. ಹಾಗಾಗಿ ಹೋಗುವವರಿಗೆ ನನ್ನದೊಂದು ಕೋರಿಕೆ, ತಟ್ಟೆಯಲ್ಲಿ ಟ್ಯೂನಾ ಮಾತ್ರ ಇರಲಿ. ಟ್ಯೂನಾದ ಹುರಿ, ತೆಂಗಿನಕಾಯಿಯ ಸಾರು, ಮಾಸಿನ ಚಟ್ನಿ ಇಷ್ಟಿದ್ದರೆ ಅಲ್ಲಿ ಊಟಕ್ಕೆ ಏನೂ ಕೊರತೆಯಿಲ್ಲ.

ನೀರಿನ ಲೆಕ್ಕ ಹವಳಕ್ಕಿಂತ ಸರಳ, ಹಾಗಾಗಿ ಹೆಚ್ಚು ಗಾಬರಿ ಹುಟ್ಟಿಸುವಂಥದು. ಹವಳದ್ವೀಪದಲ್ಲಿ ಮಳೆನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಬಾವಿಯಿಂದ ಬಿಂದಿಗೆಯಲ್ಲಿ ಸೇದಿದರೆ ಸಿಹಿ. ಪಂಪ್ ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಶೌಚದ ಗುಂಡಿಯ ನೀರು ಇಳಿಯುವುದೂ ಅದೇ ಮರಳಿಗೆ. 2011ರಲ್ಲಿ ಅಗತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಶುರುವಾಯಿತು. ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಕೊಳವೆಯಲ್ಲಿ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಜಾಣ ತಂತ್ರ ಅದು. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ. ದ್ವೀಪದ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ಹದಿಮೂರು ಲೀಟರ್. ನಮ್ಮ ನಗರಗಳಿಗೆ ಸರಕಾರ ಇಟ್ಟುಕೊಂಡ ಮಾನದಂಡ ತಲೆಗೆ 135 ಲೀಟರ್. ಆ ಅಭ್ಯಾಸದಲ್ಲಿ ಬಂದವನೊಬ್ಬ ಹತ್ತು ದ್ವೀಪವಾಸಿಗಳ ಪಾಲನ್ನು ಒಂದು ದಿನದಲ್ಲಿ ಚೆಲ್ಲಬಲ್ಲ.

ಕಸದ್ದೂ ಹೀಗೇ. ಹೆಚ್ಚು ಹೇಳಬೇಕಾದ್ದಿಲ್ಲ, ಹೂಳಲು ನೆಲವಿಲ್ಲ, ಸುಟ್ಟರೆ ಹೊಗೆ ಊರೊಳಗೇ. ಒಯ್ದ ಪ್ಲಾಸ್ಟಿಕ್ಕನ್ನು ಒಯ್ದವರೇ ವಾಪಸು ತರಬೇಕು.

ಹೋಗಬಾರದು ಎನ್ನುವವರ ಬಹುಪಾಲು ಸಿಟ್ಟು ಹೋಮ್‌ಸ್ಟೇಯ ಮೇಲಲ್ಲ, ಲಗೂನಿನ ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಲು ಹೊರಟ ವಿಲ್ಲಾಗಳ ಮೇಲೆ. ಕಡಮತ್, ಸುಹೇಲಿ, ಮಿನಿಕಾಯ್‌ಗಳಲ್ಲಿ ಅಂಥ ಯೋಜನೆಗಳಿವೆ. ಇದರ ಪರವಾಗಿಯೂ ವಾದವಿದೆ, ಅದನ್ನು ನ್ಯಾಯವಾಗಿ ಹೇಳಬೇಕು: ದುಬಾರಿ ಕೋಣೆ ಎಂದರೆ ಕಡಿಮೆ ಜನ, ಹೆಚ್ಚು ಹಣ, ಸಾವಿರ ಮಂದಿ ಅಗ್ಗದ ಪ್ರವಾಸಿಗಳ ಬದಲು ನೂರು ಶ್ರೀಮಂತರು ಬಂದರೆ ಕಸ, ಕೊಳಚೆ ಕಡಿಮೆ. ಮಾಲ್ದೀವ್ಸ್ 1972ರಿಂದ ನಿರ್ಜನ ದ್ವೀಪಗಳನ್ನು ಒಂದೊಂದು ರೆಸಾರ್ಟಿಗೆ ಕೊಟ್ಟು ಹೀಗೆಯೇ ಬೆಳೆಯಿತು. ಆದರೆ ಅಲ್ಲಿಯೂ ದಶಕಗಳ ಕಾಲ ಹಣ ರೆಸಾರ್ಟಿನ ಬೇಲಿಯೊಳಗೇ ಸುತ್ತಿತು. ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಸಾಮಾನ್ಯರಿಗೆ ಅವಕಾಶ ಸಿಕ್ಕಿದ್ದು ಇತ್ತೀಚಿನ ಒಂದೂವರೆ ದಶಕದಲ್ಲಿ. ಈಗ ಐದು ಲಕ್ಷದಷ್ಟು ಜನರ ಆ ದೇಶಕ್ಕೆ ವರ್ಷಕ್ಕೆ 20 ಲಕ್ಷ ಪ್ರವಾಸಿಗಳು. ಕಡಿಮೆ ಜನ ಎಂದು ಶುರುವಾದದ್ದು ಕಡಿಮೆಯಲ್ಲೇ ನಿಲ್ಲಲಿಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಲಕ್ಷದ್ವೀಪದಲ್ಲಿ ಬಿಟ್ಟುಕೊಡಲು ಅಷ್ಟು ನಿರ್ಜನ ದ್ವೀಪಗಳಿಲ್ಲ. ಲಗೂನಿನ ತಳಕ್ಕೆ ಕಂಬ ಹೂಡಿ, ಹುಲ್ಲಿನ ಮೇಲೆ ನೆರಳು ಕವಿಸಿ, ‘ಇಲ್ಲಿ ದೋಣಿ ತರಬೇಡಿ’ ಎಂದು ಹಗ್ಗ ಕಟ್ಟಿದರೆ ಬೆರಳುದ್ದದ ಮೀನು ಹಿಡಿಯುವವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಈ ಒಂದು ವಿಷಯದಲ್ಲಿ ನನ್ನ ತಕ್ಕಡಿ ಸ್ಪಷ್ಟವಾಗಿ ಒಂದು ಕಡೆಗೆ ವಾಲುತ್ತದೆ.

ನೆಲ ಕಳೆದುಕೊಳ್ಳುವ ಭಯವೂ ನಿಜವಾದದ್ದೇ. 2021ರಲ್ಲಿ ಆಡಳಿತಾಧಿಕಾರಿ ಪ್ರಫುಲ್ ಖೋಡಾ ಪಟೇಲರ ಕಾಲದಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಯಾರ ಭೂಮಿಯನ್ನಾದರೂ ಯೋಜನೆಗೆ ತೆಗೆದುಕೊಳ್ಳುವಷ್ಟು ಅಧಿಕಾರ ಕೇಳಿದಾಗ ಇಡೀ ದ್ವೀಪಸಮೂಹ ಉಪವಾಸ ಕೂತಿತು. 2024ರಲ್ಲಿ ತಲೆಮಾರುಗಳಿಂದ ಜನ ಅನುಭವಿಸಿಕೊಂಡು ಬಂದ ಪಂಡಾರಂ ಭೂಮಿಯ ಮೇಲೆ ಸರಕಾರ ಹಕ್ಕು ಹೇಳಿದಾಗ ಜನ ಕೋರ್ಟಿಗೆ ಹೋದರು. ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಮನೆಗಳು ಅವು. ಅಳಿಯಕಟ್ಟು ಬಲ್ಲ ನಮ್ಮ ಕರಾವಳಿಯವರಿಗೆ ಅದರ ಭಾರ ಬೇಗ ತಿಳಿಯುತ್ತದೆ. ಹೆಂಗಸರ ಕೈಯಲ್ಲಿರುವ ತೆಂಗಿನ ತುಂಡುಜಾಗ ಹೋದರೆ ಹೋಗುವುದು ಜಾಗವೊಂದೇ ಅಲ್ಲ.

ಅಗತ್ತಿಗೆ ಪ್ರವಾಸೋದ್ಯಮದ ವ್ಯಾಜ್ಯ ಹೊಸದಲ್ಲ. ಅಲ್ಲಿಯ ಒಂದು ರೆಸಾರ್ಟಿನ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2012ರಲ್ಲಿ ಕೋರ್ಟು ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಆ ಸಮಿತಿಯ ಕೆಲಸದಿಂದ ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆ ರೂಪುಗೊಂಡಿತು. ದ್ವೀಪಗಳಲ್ಲಿ ಏನೇ ಮಾಡುವುದಿದ್ದರೂ ಚುನಾಯಿತ ಸ್ಥಳೀಯ ಸಂಸ್ಥೆಗಳನ್ನು ಕೇಳಿ ಮಾಡಬೇಕು ಎಂಬ ಮಾತು ಅಲ್ಲಿಂದ ಬಂತು. ಇಡೀ ಚರ್ಚೆಯಲ್ಲಿ ನಾನು ಓದಿದ ಅತ್ಯಂತ ವಿವೇಕದ ಮಾತು ಅದೇ. ಆದರೆ 2023ರ ಜನವರಿಯಲ್ಲಿ ಪಂಚಾಯತ್‌ಗಳ ಅವಧಿ ಮುಗಿದ ಮೇಲೆ ಬಹುಕಾಲ ಚುನಾವಣೆಯೇ ನಡೆಯಲಿಲ್ಲ. ಕೇಳಬೇಕಾದವರೇ ಇಲ್ಲದ ಮೇಲೆ ಕೇಳುವುದು ಯಾರನ್ನು?

ಇಷ್ಟು ಹೇಳಿದ ಮೇಲೆ ನನಗೆ ಒಗ್ಗುವ ದಾರಿ ಯಾವುದೆಂದು ಓದುಗರಿಗೆ ಗೊತ್ತಾಗಿರಬೇಕು: ಕಡಿಮೆ ಜನ, ದ್ವೀಪದವರ ಮನೆಯಲ್ಲೇ ವಾಸ, ಲಗೂನಿನಲ್ಲಿ ಕಟ್ಟಡ ಬೇಡ. ಇದನ್ನೇ ಅಗತ್ತಿಯಲ್ಲಿ ನಾನು ಉಳಿದಿದ್ದ ಮನೆಯ ಹುಡುಗನಿಗೆ ಹೇಳಿದೆ. ಮಂಗಳೂರಿನಲ್ಲಿ ಬಿ.ಕಾಂ. ಓದಿದವನು, ಕನ್ನಡ ಚೆನ್ನಾಗಿ ಬರುತ್ತದೆ. “ನೀವು ಹೇಳೋದು ಸರಿ ಅಣ್ಣ,” ಎಂದ. “ಆದ್ರೆ ನಮಗೆ ಎರಡು ಕೋಣೆ. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಜನ, ಮಳೆಗಾಲಕ್ಕೆ ಖಾಲಿ. ಇದರಲ್ಲಿ ನಾನು ಬದುಕಬಹುದು. ನನ್ನ ತಂಗಿ ನರ್ಸಿಂಗ್ ಓದ್ತಿದ್ದಾಳೆ, ತಮ್ಮ ಪ್ಲಸ್ ಟು. ಅವರೂ ಎರಡೆರಡು ಕೋಣೆ ಕಟ್ಟಬೇಕಾ? ಎಲ್ಲರೂ ಕಟ್ಟಿದ್ರೆ ನೀರೆಲ್ಲಿ? ದೊಡ್ಡ ಹೋಟೆಲ್ ಬಂದ್ರೆ ಇಬ್ಬರಿಗೂ ಸಂಬಳದ ಕೆಲಸ ಸಿಗುತ್ತೆ ಅಂತ ಉಮ್ಮ ಹೇಳ್ತಾರೆ.”

ನಾನು ಮಾಲ್ದೀವ್ಸಿನ ಮಾತು ತೆಗೆದೆ, ದೊಡ್ಡ ಹೋಟೆಲುಗಳು ಕೆಲಸಕ್ಕೆ ಹೊರಗಿನವರನ್ನೇ ತುಂಬಿಕೊಳ್ಳಬಹುದು ಎಂದೆ. “ಹಾಗಾಗದಂತೆ ಮೊದಲೇ ಬರೆಸ್ಕೊಳ್ಳಬೇಕು,” ಎಂದ ಅವನು. ಸಣ್ಣದೇ ಒಳ್ಳೆಯದು ಎಂಬ ನನ್ನ ನಂಬಿಕೆಗೆ ಅವನ ಪ್ರಶ್ನೆ ನಿಜವಾದ ಪೆಟ್ಟು. ಒಂದು ಮನೆಗೆ ಸಾಲುವ ಪ್ರವಾಸೋದ್ಯಮ ಒಂದು ಊರಿಗೆ ಸಾಲಬೇಕೆಂದಿಲ್ಲ. ಊರಿಗೆ ಸಾಲುವಷ್ಟು ಬೆಳೆಸಿದರೆ ಬಾವಿಗೆ ಸಾಲುವುದಿಲ್ಲ. ಮಾಸ್‌ಗೆ ಒಳ್ಳೆಯ ಬೆಲೆ, ಗಳದಿಂದ ಹಿಡಿದ ಟ್ಯೂನಾಗೆ ಹೊರಗೆ ಸಿಗಬೇಕಾದ ಗೌರವದ ಮಾರುಕಟ್ಟೆ, ಹಡಗು, ಆಸ್ಪತ್ರೆ, ಖಾಲಿ ಬಿದ್ದ ಸರಕಾರಿ ಹುದ್ದೆಗಳ ಭರ್ತಿ ಇವೆಲ್ಲ ಪಕ್ಕದಲ್ಲಿ ನಡೆದರೆ ಮಾತ್ರ ಸಣ್ಣ ಪ್ರವಾಸೋದ್ಯಮ ಸಣ್ಣದಾಗಿಯೇ ಉಳಿಯಲು ಸಾಧ್ಯ. ಉಳಿದೆಲ್ಲ ಬಾಗಿಲು ಮುಚ್ಚಿ ಪ್ರವಾಸಿಯ ಬಾಗಿಲೊಂದನ್ನೇ ತೆರೆದಿಟ್ಟರೆ ಆ ಹುಡುಗನ ತಮ್ಮ, ತಂಗಿ ವಿಲ್ಲಾದ ಕಡೆಗೇ ನೋಡುತ್ತಾರೆ, ಅವರನ್ನು ದೂರುವ ಹಕ್ಕು ನನಗಿಲ್ಲ.

ಹಾಗಾಗಿ ಕೇಳಿದವರಿಗೆ ನಾನೀಗ ಹೇಳುವುದಿಷ್ಟು. 1967ರ ನಿಯಮದ ಪ್ರಕಾರ ಬೇಕಾಗುವ ಪರ್ಮಿಟ್ಟನ್ನು ಕಿರಿಕಿರಿ ಎಂದುಕೊಳ್ಳಬೇಡಿ, ದ್ವೀಪವನ್ನು ಕಾಯಲು ಉಳಿದಿರುವ ಕೆಲವೇ ತಡೆಗಳಲ್ಲಿ ಅದೊಂದು. ಬ್ರೆಜಿಲಿನ ಫೆರ್ನಾಂಡೊ ದಿ ನೊರೊನ್ಯಾ ದ್ವೀಪದಲ್ಲಿ ಉಳಿದಷ್ಟು ದಿನಕ್ಕೂ ಏರುತ್ತ ಹೋಗುವ ಪರಿಸರ ಶುಲ್ಕವಿದೆ. ಅಂಥದು ಅಗತ್ತಿಗೆ ಬಂದು, ಆ ಹಣ ಅಗತ್ತಿಯ ಪಂಚಾಯತ್ತಿಗೇ ಹೋಗುವುದಾದರೆ ಸಂತೋಷದಿಂದ ಕೊಡಿ. ಕೋಣೆ ಹಿಡಿಯುವ ಮೊದಲು ಮನೆಯ ಯಜಮಾನಿ ಯಾರು ಎಂದು ಕೇಳಿ. ಹೊರಗಿನ ಏಜೆಂಟ್ ಹೆಸರು ಬಂದರೆ ಬೇರೆ ಮನೆ ನೋಡಿ. ಬಂಗಾರಂ ಬಿಟ್ಟರೆ ಮದ್ಯ ಇಲ್ಲದ ಊರುಗಳು ಅವು, ತೀರವೆಂಬುದು ಅಲ್ಲಿ ಬಲೆ ಒಣಗಿಸುವ, ಮೀನು ಹೆಚ್ಚುವ ಅಂಗಳ. ಉಡುಗೆ ನಡೆಗಳು ಅದಕ್ಕೆ ತಕ್ಕಂತಿರಲಿ. ಬಿಂದಿಗೆ ನೀರಿನಲ್ಲಿ ಸ್ನಾನ ಮಾಡಿ. ಹವಳದ ಮೇಲೆ ಕಾಲಿಡಬೇಡಿ, ಆಮೆಯ ಹಿಂದೆ ಈಜಬೇಡಿ. ಹುಲ್ಲು ಹೇಗಿದೆ ಎಂದು ದೋಣಿಯ ಕಾಕಾನನ್ನು ಒಮ್ಮೆ ಕೇಳಿ, ಅವರಿಗೆ ಹೇಳಲು ಬಹಳ ಇದೆ.